ತಗಡಿಗೆ ಎರಡು ಪೆಟ್ಟು

ಬಟಾಣಿ ಸುಲಿಯುತ್ತಾ ಅರ್ಧ ಬುಟ್ಟಿ ಮುಗಿಸಿದ್ದೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಗಂಟೆ ಟಿಣ್ ಎಂದಿತು. ಯಾರೋ ಇಳಿಯುವವರಿದ್ದಾರೆ ಎಂದುಕೊಂಡೆ. ಬಸ್ಸು ನಿಲ್ಲಲಿಲ್ಲ. ಇಂಜಿನ್ನಿನ ಸದ್ದು ಒಂದೇ ಸಮನೆ ಸಾಗುತ್ತಲೇ ಇತ್ತು. ಮತ್ತೆ ಟಿಣ್ ಟಿಣ್. ಆಮೇಲೆ ಕಂಪ್ಯೂಟರಿನೊಳಗಿನ ಪ್ರಯಾಣಿಕರು ಗೊಣಗಿದರು, ಅವರ ಮೇಲೆ ಇವರು ಗೊಣಗಿದರು.

"ಸ್ಟಾಪ್ ತಪ್ಪಿಸಿದೆ ಅಂತೆ. ಗಂಟೆನೇ ಹೊಡೀದೆ ಕೂತಿದ್ರೆ ನಾನೇನು ಕನಸು ಕಾಣ್ಲಾ?"

ಇವರು ಎಂದರೆ ನಮ್ಮ ಮನೆಯವರು. ತಲೆಗೂದಲು ಕಪ್ಪಗಿದ್ದಾಗ ಹಿಡಿದ ಬಸ್ಸಿನ ಸ್ಟೀರಿಂಗನ್ನು ಪೂರ್ತಿ ಬೆಳ್ಳಗಾದ ಮೇಲೆ ಬಿಟ್ಟವರು. ಈಗ ಅವರ ಬಸ್ಸು ಕಂಪ್ಯೂಟರಿನಲ್ಲಿದೆ. ಮಗಳ ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕಿದಾಗ ಆಕೆ ಒಂದನ್ನು ಮನೆಗೆ ಹೊತ್ತು ತಂದು, ಬಸ್ಸು ಓಡಿಸುವ ಆಟವೊಂದನ್ನು ಅದಕ್ಕೆ ಹಾಕಿಕೊಟ್ಟಿದ್ದಳು. ಊರು, ರಸ್ತೆ, ಸಿಗ್ನಲ್ಲು, ಹತ್ತಿ ಇಳಿಯುವ ಜನ ಎಲ್ಲ ಅದರಲ್ಲಿದ್ದಾರೆ. ಇಳಿಯುವವರು ಗಂಟೆ ಒತ್ತಿದರೆ ನಿಲ್ಲಿಸಬೇಕು. ಬಾಣದ ಗುರುತಿನ ಕೀಲಿಗಳಲ್ಲೇ ಬಸ್ಸು ತಿರುಗಿಸಬೇಕು, ಬ್ರೇಕಿಗೂ ಬೆರಳೇ ಸಾಕು. ಆದರೂ ಅಡ್ಡರಸ್ತೆ ಬಂತೆಂದರೆ ಇವರ ಬಲಗಾಲು ಮೇಜಿನಡಿ ನೆಲವನ್ನು ಒತ್ತುತ್ತದೆ.

ಹೊತ್ತು ಹೋಗದೆ ಶುರುಮಾಡಿದ ಆಟವಲ್ಲ ಇದು. ಅದರ ಹಿಂದೆ ಒಂದು ಕಾಗದವಿತ್ತು.

ಕಾಗದ ಬರೆದವನು ಸೀಟಿ. ಇವರ ಬಸ್ಸಿನಲ್ಲಿ ಕೊನೆಯ ದಿನದವರೆಗೂ ಇದ್ದ ಕಂಡಕ್ಟರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು ಬಿತ್ತು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತಿತ್ತು. ಇವರಿಗಿಂತ ಬಹಳ ಚಿಕ್ಕವನು. ಇವರಿಗೆ ಅಣ್ಣ ಅನ್ನುತ್ತಾನೆ, ನನಗೆ ಅತ್ತಿಗೆ. ಈಗ ಡಿಪೋದಲ್ಲಿ ಹೊಸ ಡ್ರೈವರುಗಳನ್ನು ತಯಾರು ಮಾಡುವ ವಿಭಾಗ ನೋಡಿಕೊಳ್ಳುತ್ತಿದ್ದಾನೆ. ಹೊಸಬರನ್ನು ನೇರ ರಸ್ತೆಗೆ ಬಿಡುವುದಿಲ್ಲವಂತೆ, ಮೊದಲು ಇಂಥದೇ ಪರದೆಯ ಮುಂದೆ ಕೂರಿಸುತ್ತಾರಂತೆ. "ಮಷೀನು ಬಂದಿದೆ ಅಣ್ಣ, ಪಕ್ಕದಲ್ಲಿ ಕೂತು ಕಲಿಸೋರಿಲ್ಲ. ನೀವು ಬರಬೇಕು. ಬರ್ತೀರೋ ಇಲ್ಲವೋ ಒಂದು ಸಾಲು ಬರೆದು ಹಾಕಿ" ಎಂದು ಬರೆದಿದ್ದ. ಅದು ಬಂದಾಗ ನಾವು ಸ್ವೆಟರ್ ಹಾಕಿಕೊಂಡಿದ್ದೆವು. ಈಗ ಫ್ಯಾನಿಲ್ಲದೆ ಕೂರಲಾಗುತ್ತಿರಲಿಲ್ಲ.

"ಉತ್ತರ ಹೇಳ್ರೀ, ನಾನು ಬರೀತೀನಿ" ಎಂದು ನಾನು ಆಗಾಗ ನೆನಪಿಸುತ್ತಿದ್ದೆ.

"ಒಂದೇ ಒಂದು ಟ್ರಿಪ್ಪು ಸ್ಟಾಪ್ ತಪ್ಪದ ಹಾಗೆ ಮುಗಿಸ್ತೀನಿ, ಆಮೇಲೆ ಬರೆಯೋಣ. ಕಲಿಸೋನೇ ತಪ್ಪು ಮಾಡಿದ್ರೆ ಹುಡುಗ್ರು ನಗಲ್ವೇನೇ?"

ಆ ಒಂದು ಟ್ರಿಪ್ಪು ಮುಗಿಯುತ್ತಿರಲಿಲ್ಲ. ಓಡಿಸುವುದರಲ್ಲಿ ಕುಂದಿರಲಿಲ್ಲ, ತಿರುವಿನಲ್ಲೂ ಬಸ್ಸೊಳಗೆ ನಿಂತ ಮುದುಕಿಯ ಚೀಲ ಕೂಡ ಅಲುಗುತ್ತಿರಲಿಲ್ಲ. ಸ್ಟಾಪು ಮಾತ್ರ ತಪ್ಪುತ್ತಿತ್ತು. ತಪ್ಪೆಲ್ಲ ಸ್ಪೀಕರಿನದು ಎಂದು ಇವರ ತೀರ್ಮಾನ.

ಹಾಗಾಗಿ ಸ್ಪೀಕರು ಬದಲಾಯಿಸುವ ಕೆಲಸ ಶುರುವಾಯಿತು. ಮಗಳು ಮೊದಲೇ ಹೇಳಿಬಿಟ್ಟಳು, "ಅಪ್ಪಾ, ಸಿನಿಮಾ ಥಿಯೇಟರ್ ಕಟ್ಟೋಕೆ ಹೋಗ್ಬೇಡಿ. ಈ ಸಲದ ಪಿಂಚಣಿಯಲ್ಲಿ ಮಿಕ್ಕಿದ್ದರಲ್ಲಿ ಏನಾಗುತ್ತೋ ಅಷ್ಟೇ."

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಳೆಯ ಸಾಮಾನು ರಿಪೇರಿ ಮಾಡಿ ಮಾರುವ ಹೆಂಗಸಿದ್ದಾಳೆ. ಕನ್ನಡಕ ಯಾವಾಗಲೂ ನೆತ್ತಿಯ ಮೇಲೆ, ಮೇಜಿನ ಮೇಲೆ ಬೆಸುಗೆ ಕಡ್ಡಿಯ ಪಕ್ಕದಲ್ಲೇ ಕಚ್ಚಿಟ್ಟ ಬನ್ನು. ಇವರು ಮೊದಲ ಸಲ ಹೋಗಿ ಅವಳ ಮಾತು ಕೇಳದೆ ದಪ್ಪ ಸದ್ದಿಗೆಂದೇ ಮರದ ದೊಡ್ಡ ಬೇಸ್ ಪೆಟ್ಟಿಗೆಯಿರುವ ಸ್ಪೀಕರ್ ಸೆಟ್ಟು ತಂದರು. ಹಾಕಿದ ದಿನ ಅಡುಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿದವು. ಇವರ ಮುಖ ಅರಳಿತು.

"ನೋಡೇ, ಈಗ ಇಂಜಿನ್ ಕಾಲಿಗೆ ಸಿಗ್ತಿದೆ. ಬಸ್ ಅಂದ್ರೆ ಇದು."

"ಕಾಲಿಗೆ ಸಿಕ್ರೆ ಸಾಕು, ಗೋಡೆಯಾಚೆಯವರ ಕೈಗೆ ನಾವು ಸಿಗೋದು ಬೇಡ" ಎಂದಳು ಮಗಳು.

ಇಂಜಿನ್ನು ಸಿಕ್ಕಿತು, ಗಂಟೆ ಸಿಗಲಿಲ್ಲ. ಮತ್ತೆ ಅಂಗಡಿಗೆ ಹೋದಾಗ ಅವಳು ಹೇಳಿದಳು, "ಮೊದಲೇ ಹೇಳಿದ್ನಲ್ಲ ಅಂಕಲ್. ಬೇಸ್ ಹೆಚ್ಚಾದ್ರೆ ಸಣ್ಣ ಸದ್ದೆಲ್ಲ ಅದರಡಿ ಮುಚ್ಚಿಹೋಗುತ್ತೆ. ಅಲ್ಲದೆ ಕಂಪ್ಯೂಟರಿನ ತೂತಿಗೇ ನೇರ ಚುಚ್ಚಿದ್ರೆ ಒಳಗಿನ ಗೊರಗೊರ ಎಲ್ಲ ಜೊತೇಲಿ ಬರುತ್ತೆ. ಈ ಪುಟ್ಟ ಸೌಂಡ್ ಕಾರ್ಡ್ ತಗೊಳ್ಳಿ, ಹೆಬ್ಬೆರಳಷ್ಟಿದೆ, ಯುಎಸ್‌ಬಿಗೆ ಹಾಕಿದ್ರೆ ಆಯ್ತು. ಇದಕ್ಕೊಂದು ಹೆಡ್‌ಫೋನ್. ಯಾವ ಕಡೆಯಿಂದ ಗಾಡಿ ಬರ್ತಿದೆ ಅಂತ ತಿಳಿಯೋಕೆ ಆಟಕ್ಕೆ ಹೆಡ್‌ಫೋನೇ ಸರಿ."

"ಆ ಕೆಂಪು ದೀಪ ಉರಿಯೋ ಹೆಡ್‌ಫೋನ್ ಹೇಗಿದೆ?" ಎಂದರು ಇವರು.

"ಕಿವಿಗೆ ದೀಪ ಯಾಕೆ ಅಂಕಲ್? ದೀಪಕ್ಕೆ ಕೊಡೋ ದುಡ್ಡನ್ನ ದಿಂಬಿಗೆ ಕೊಡಿ. ಕಿವಿ ನೋಯಲ್ಲ."

ಮೆತ್ತನೆಯ ದಿಂಬಿರುವ, ದೀಪವಿಲ್ಲದ ಹೆಡ್‌ಫೋನ್ ತಂದೆವು. ಗೊರಗೊರ ನಿಂತಿತು. ಹಿಂದಿನಿಂದ ಬರುವ ಲಾರಿ ಎಡಕ್ಕೋ ಬಲಕ್ಕೋ ಎಂಬುದು ಇವರಿಗೆ ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಗಂಟೆ ಮಾತ್ರ ಇಲ್ಲ.

ಬಟಾಣಿ ಸುಲಿಯುತ್ತಿದ್ದ ದಿನ ಹೆಡ್‌ಫೋನನ್ನು ಕಳಚಿಟ್ಟು ಹಳೆಯ ಸ್ಪೀಕರಿಗೇ ಹಾಕಿಕೊಂಡಿದ್ದರು, ಅದರಲ್ಲಾದರೂ ಬರುತ್ತದೋ ನೋಡೋಣ ಎಂದು. ಗಂಟೆ ಬಂದದ್ದು ಅಡುಗೆಮನೆಗೆ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಕಿಟಕಿಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅದೆಲ್ಲವನ್ನೂ ದಾಟಿ ನನಗೆ ಕೇಳಿದ ಗಂಟೆ, ಅದರೆದುರೇ ಕೂತವರಿಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಬಟಾಣಿಯ ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿದೆ, ಕಾಳನ್ನು ಸಿಪ್ಪೆಗೆ.

ನನ್ನ ಮಾತು ಇವರಿಗೆ ಕೇಳುತ್ತದೆ. ಆದರೆ ಎದುರು ನಿಂತು ಮಾತಾಡುತ್ತೇನೆ, ಬೆನ್ನ ಹಿಂದಿನಿಂದ ಮಾತಾಡುವುದಿಲ್ಲ. ಯಾವಾಗಿನಿಂದ ಹಾಗೆ ರೂಢಿಯಾಯಿತೋ ನನಗೇ ತಿಳಿಯದು. ಫೋನು ಬಂದರೆ ಇವರು "ನೀನೇ ಮಾತಾಡು, ಕೈ ಕೊಳೆಯಾಗಿದೆ" ಎನ್ನುತ್ತಾರೆ, ಕೈ ತೊಳೆದುಕೊಂಡು ಬಂದು ಕೂತಿದ್ದರೂ.

"ಹೆಡ್‌ಫೋನೇ ಕೆಟ್ಟಿರ್ಬೇಕು, ವಾಪಸ್ ಕೊಟ್ಟು ಬರೋಣ ನಡಿ" ಎಂದು ಮರುದಿನ ಹೊರಡಿಸಿದರು.

ಅಂಗಡಿಯವಳು ಹೆಡ್‌ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕ ನೆತ್ತಿಯಿಂದ ಮೂಗಿಗಿಳಿಸಿದಳು. "ಪರೀಕ್ಷೆ ಮಾಡಿಬಿಡೋಣ ಅಂಕಲ್. ದಪ್ಪ ಸದ್ದಿನಿಂದ ಶುರುವಾಗಿ ಸಣ್ಣಗೆ ಸಣ್ಣಗೆ ಕೀರಲಾಗ್ತಾ ಹೋಗುತ್ತೆ. ಕೇಳ್ತಾ ಇರೋವರೆಗೂ ಕೈ ಎತ್ತಿಟ್ಕೊಂಡಿರಿ, ನಿಂತ ಕೂಡಲೇ ಇಳಿಸಿ." ಆಮೇಲೆ ಒಂದು ಕವಲು ವಯರು ಹಾಕಿ ಇನ್ನೊಂದು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟಳು. "ಆಂಟಿ, ನೀವೂ ಹಾಕ್ಕೊಳ್ಳಿ. ಒಂದೇ ಸದ್ದು ಇಬ್ಬರಿಗೂ ಬರುತ್ತೆ. ಕೆಟ್ಟಿರೋದು ಯಾವುದು ಅಂತ ಗೊತ್ತಾಗಿಬಿಡುತ್ತೆ."

ಇವರು ಪರದೆಗೆ ಮುಖ ಮಾಡಿ ಕೂತು ಕೈ ಎತ್ತಿದರು. ನಾನು ಇವರ ಹಿಂದೆ ನಿಂತು ಕೈ ಎತ್ತಿದೆ. ಮೊದಲು ಲಾರಿಯಂತೆ ಗುರುಗುಟ್ಟಿದ್ದು ಮೆಲ್ಲಗೆ ಏರತೊಡಗಿತು. ಜೇನ್ನೊಣದಂತಾಯಿತು, ಕುದಿಯುವ ಕೆಟಲಿನಂತಾಯಿತು. ಇವರ ಕೈ ಇಳಿಯಿತು. ನನ್ನ ಕಿವಿಯಲ್ಲಿ ಅದು ಇನ್ನೂ ಏರುತ್ತಲೇ ಇತ್ತು. ಅಂಗಡಿಯವಳು ಒಮ್ಮೆ ಇವರ ಕೈ ನೋಡಿದಳು, ಒಮ್ಮೆ ನನ್ನ ಕೈ ನೋಡಿದಳು.

"ನಿಂತೋಯ್ತು ನೋಡಿ" ಎಂದು ಇವರು ತಿರುಗುವಷ್ಟರಲ್ಲಿ ನಾನು ಕೈ ಇಳಿಸಿಬಿಟ್ಟಿದ್ದೆ.

ಅವಳು ಜಾಣೆ. "ಇನ್ನೊಂದು ಹೆಡ್‌ಫೋನ್ ಕೊಟ್ರೂ ಇಷ್ಟೇ ಅಂಕಲ್. ಸಾಮಾನು ಚೆನ್ನಾಗಿದೆ, ಇನ್ನು ದುಡ್ಡು ಹಾಕ್ಬೇಡಿ" ಎಂದಷ್ಟೇ ಹೇಳಿ, ಬನ್ನು ಕಚ್ಚಿದಳು. ಇವರು ಮುಖ ಗಂಟಿಕ್ಕಿಕೊಂಡು ಬಾಗಿಲಿಗೆ ಹೋದರು. ನಾನು ಹಿಂದುಳಿದು ಕೇಳಿದೆ, "ಆ ಕವಲು ವಯರೂ ಇನ್ನೊಂದು ಹೆಡ್‌ಫೋನೂ ಕೊಡಮ್ಮ. ಹಳೇದಾದ್ರೂ ಪರವಾಗಿಲ್ಲ."

"ಕಾಸು ಬೇಡ ಆಂಟಿ. ಆ ಬೇಸ್ ಪೆಟ್ಟಿಗೆ ವಾಪಸ್ ತಂದುಕೊಡಿ, ಸರಿಹೋಗುತ್ತೆ."

ಮನೆಗೆ ಬರುವ ದಾರಿಯಲ್ಲಿ ಏನು ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸುತ್ತಾ ನಡೆದೆ. ಕಿವಿ ಮಂದವಾಗಿದೆ ಎಂದು ಬಾಯಿಬಿಟ್ಟು ಹೇಳುವುದು ದೊಡ್ಡದಲ್ಲ. ಹೇಳಿದ ಮೇಲೆ ಸೀಟಿಯ ಕಾಗದಕ್ಕೆ ಉತ್ತರ ಏನು? ಇವರು "ಬರಲ್ಲ ಅಂತ ಬರೆದುಬಿಡು" ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾರೆ. ಹಾಗೆ ಕೂತದ್ದನ್ನು ನಿವೃತ್ತಿಯಾದ ಹೊಸದರಲ್ಲಿ ನೋಡಿದ್ದೇನೆ, ಇನ್ನೊಂದು ಸಲ ನೋಡುವ ಮನಸ್ಸಿರಲಿಲ್ಲ.

ಆ ಮಧ್ಯಾಹ್ನ ಇವರು ಆಟಕ್ಕೆ ಕೂತಾಗ ಸ್ಟೂಲೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಕವಲು ವಯರು ಚುಚ್ಚಿ ನನ್ನ ತಲೆಗೂ ಹೆಡ್‌ಫೋನ್ ಏರಿಸಿದೆ.

"ಏನೇ ಇದು ವೇಷ?"

"ನಿಮ್ಮ ಬಸ್ ಹತ್ತಿ ಎಷ್ಟು ದಿನ ಆಯ್ತು. ಒಂದು ಸುತ್ತು ಕರ್ಕೊಂಡ್ಹೋಗಿ."

"ಟಿಕೆಟ್?"

"ಡ್ರೈವರ್ ಹೆಂಡ್ತಿಗೂ ಟಿಕೆಟ್ಟಾ?"

"ಸೀಟಿ ಇದ್ದಿದ್ರೆ ಬಿಡ್ತಿರಲಿಲ್ಲ ನಿನ್ನ" ಎಂದು ನಕ್ಕರು. ಅವನ ಹೆಸರು ಬಂದರೆ ಇವರಿಗೆ ಕತೆ ತಾನಾಗಿ ಬರುತ್ತದೆ. "ಎಂಥ ಸೀಟಿ ಊದ್ತಿದ್ದ ಗೊತ್ತಾ? ಒಂದು ಊದಿದ್ರೆ ನಿಲ್ಲು, ಎರಡು ಊದಿದ್ರೆ ಹೊರಡು. ಕೊನೇ ವರ್ಷಗಳಲ್ಲಿ ಏನು ಬಂತೋ ಅವನಿಗೆ, ಊದೋದೇ ಬಿಟ್ಟು ಬಸ್ಸಿನ ತಗಡು ಬಡಿಯೋಕೆ ಶುರುಮಾಡಿದ. ದಢ್ ಅಂದ್ರೆ ನಿಲ್ಲು, ದಢ್ ದಢ್ ಅಂದ್ರೆ ಹೊರಡು. ಹಲ್ಲು ಅಲ್ಲಾಡ್ತಿತ್ತು ಅಂತ ಕಾಣುತ್ತೆ, ಊದೋಕಾಗ್ತಿರಲಿಲ್ಲ ಪಾಪ."

ಬಸ್ಸು ಹೊರಟಿತು. ನಾನು ರಸ್ತೆ ನೋಡಲಿಲ್ಲ, ಕಿವಿಗೊಟ್ಟು ಕೂತೆ. ಟಿಣ್ ಎಂದಿತು. ಅಂಗೈಯಿಂದ ಇವರ ಬೆನ್ನಿಗೆ ಒಂದು ತಟ್ಟಿದೆ.

"ಏನೇ?"

"ಇಳಿಯೋರಿದ್ದಾರೆ."

ಮೇಜಿನಡಿ ಬಲಗಾಲು ನೆಲ ಒತ್ತಿತು, ಬೆರಳು ಕೀಲಿ ಒತ್ತಿತು, ಬಸ್ಸು ಸ್ಟಾಪಿಗೆ ಅಂಟಿಕೊಂಡು ನಿಂತಿತು. ಬಾಗಿಲು ಮುಚ್ಚಿದ ಸದ್ದು ಬಂದಾಗ ಎರಡು ತಟ್ಟಿದೆ. ಹೊರಟರು. ಮತ್ತೆ ಟಿಣ್, ಮತ್ತೆ ಒಂದು ತಟ್ಟು. ಹಾಗೇ ಸೇತುವೆ ಹತ್ತಿ ಇಳಿದೆವು, ಶಾಲೆ ದಾಟಿದೆವು, ಆಸ್ಪತ್ರೆಯ ಮುಂದೆ ಒಂದಿಷ್ಟು ಜನರನ್ನು ಇಳಿಸಿದೆವು. ಕೊನೆಯ ನಿಲ್ದಾಣದಲ್ಲಿ ಪರದೆಯ ಮೇಲೆ ಹಸಿರು ಅಕ್ಷರ ಬಂತು, ಒಂದು ಸ್ಟಾಪೂ ತಪ್ಪಿರಲಿಲ್ಲ.

ಇವರು ಅದರತ್ತ ನೋಡಲಿಲ್ಲ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಿಂಗೆ ಗಂಟೆ ಕೇಳ್ತಾ ಇತ್ತಾ?"

"ಹೂಂ."

"ಇವತ್ತು ಮಾತ್ರನಾ?"

ನಾನು ಎದುರಿಗೆ ಬಂದು ನಿಂತೆ. "ಅಡುಗೆಮನೇಲಿ ಕೂತಿದ್ರೂ ಕೇಳುತ್ತೆ."

ಹೆಡ್‌ಫೋನಿನ ದಿಂಬನ್ನು ಒತ್ತುತ್ತಾ, ಬಿಡುತ್ತಾ ಕೂತರು. ಫ್ಯಾನು ತಿರುಗುತ್ತಿತ್ತು. ಕೊನೆಗೆ ಅಂದರು, "ಆ ಸೀಟಿಯ ಹಲ್ಲೆಲ್ಲ ಗಟ್ಟಿಯಾಗೇ ಇತ್ತಲ್ಲೇ. ಬೀಳ್ಕೊಡುಗೆ ದಿನ ಇಡೀ ಸೇಬು ಕಚ್ಚಿ ತಿಂದ."

"ತಿಂದ."

"ಹಾಗಾದ್ರೆ ಸೀಟಿ ಬಿಟ್ಟಿದ್ದು ನನಗೋಸ್ಕರ." ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಅಂದರು, "ಅಷ್ಟು ಜನ ಹಿಂದೆ ಕೂತಿರ್ತಿದ್ರು. ಕೊರಳಲ್ಲಿ ಸೀಟಿ ನೇತುಹಾಕ್ಕೊಂಡೇ ಕೈ ನೋಯೋ ಹಾಗೆ ತಗಡು ಬಡಿದ. ಒಂದು ದಿನ ಬಾಯಿಬಿಡ್ಲಿಲ್ಲ ನೋಡು. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸ್ಟೀರಿಂಗ್ ಬಿಟ್ಟು ಇಳಿದುಬಿಡ್ತಿದ್ರಿ. ಅದಕ್ಕೆ ಅವನು ನಿಮ್ಮ ಪಾಲಿನ ಒಂದು ಕೆಲಸ ತಾನು ತಗೊಂಡ."

"ಇಳಿಯಬೇಕಿತ್ತೇನೋ."

ಇಳಿಯಬೇಕಿತ್ತೇನೋ, ನಿಜ. ಯಾರಿಗೂ ಏನೂ ಆಗಲಿಲ್ಲ ಎಂಬುದು ಸಮಾಧಾನ, ಅದೇ ಉತ್ತರವಲ್ಲ. ಇವರೂ ಅದನ್ನು ತಿಳಿದವರಂತೆ ಮುಖ ಒರೆಸಿಕೊಂಡರು.

"ನಾನು ಫೋನ್ ಎತ್ತಲ್ಲ ಅಂತ ಗೊತ್ತಿದ್ದೇ ಕಾಗದ ಬರೆದಿದ್ದಾನೆ ಕಳ್ಳ" ಎಂದರು ಆಮೇಲೆ. "ಎಲ್ಲಾ ಗೊತ್ತಿದ್ದೂ ಕರೆದಿದ್ದಾನೆ. ಪೆನ್ನು ತಗೊಂಬಾ."

ನಮ್ಮ ಮನೆಯಲ್ಲಿ ಕಾಗದ ಬರೆಯುವ ಕೈ ನನ್ನದು. ಇವರು ಹೇಳಿದರು, ನಾನು ಬರೆದೆ. "ತಮ್ಮ, ತಡವಾಯಿತು. ನನ್ನ ಕಿವಿಗೆ ಸಣ್ಣ ಸದ್ದು ಬೀಳುವುದಿಲ್ಲ. ಇದು ನಿನಗೆ ನನಗಿಂತ ಮೊದಲೇ ತಿಳಿದಿತ್ತು, ನನಗೆ ಇವತ್ತು ತಿಳಿಯಿತು. ಗೇರು, ತಿರುವು, ಬ್ರೇಕು ಕಲಿಸುವುದು ನನ್ನ ಕೆಲಸ. ಗಂಟೆ ಕೇಳಿಸಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿ ಇರಬೇಕು. ಹುಡುಗರಿಗೂ ಮೊದಲ ದಿನವೇ ಇದನ್ನು ಹೇಳಿಬಿಡು. ಇಷ್ಟಾದರೂ ನಾನು ಬೇಕೆಂದರೆ ಬರುತ್ತೇನೆ."

"ಕಿವಿ ಡಾಕ್ಟರ ಹತ್ರ ಹೋಗ್ತೀನಿ ಅಂತಲೂ ಬರೀಲಾ?" ಎಂದು ಕೇಳಿದೆ.

ನನ್ನನ್ನು ದುರುಗುಟ್ಟಿ ನೋಡಿದರು. "ಬರಿ. ಬರೆದ ಮೇಲೆ ಹೋಗ್ಲೇಬೇಕಾಗುತ್ತೆ, ಅಲ್ವಾ?"

"ಅದಕ್ಕೇ ಕೇಳಿದ್ದು."

"ಹಾಗೇ ಕೆಳಗೆ ಇನ್ನೊಂದು ಸಾಲು ಹಾಕು. ದೀಪ ಉರಿಯೋ ಹೆಡ್‌ಫೋನ್ ಕೊಳ್ಬೇಡ, ದಿಂಬು ಚೆನ್ನಾಗಿರೋದು ನೋಡು ಅಂತ."

ಲಕೋಟೆ ಅಂಟಿಸಿ ಇಬ್ಬರೂ ಹೊರಟೆವು. ಇವರ ಒಂದು ಕಂಕುಳಲ್ಲಿ ವಾಪಸ್ ಕೊಡಬೇಕಾದ ಬೇಸ್ ಪೆಟ್ಟಿಗೆ. ಅಂಚೆ ಡಬ್ಬಿ ಬೀದಿಯ ತುದಿಯಲ್ಲಿ, ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ. ಪೆಟ್ಟಿಗೆಯನ್ನು ಕೆಳಗಿಟ್ಟು ಲಕೋಟೆಯನ್ನು ಡಬ್ಬಿಯ ಬಾಯೊಳಗೆ ಅರ್ಧ ತೂರಿಸಿ, ಹಿಡಿದುಕೊಂಡೇ ನಿಂತರು. ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು. ಆಮೇಲೆ ಬೆರಳು ಬಿಟ್ಟರು.

"ಬಿತ್ತಾ?" ಎಂದು ಕೇಳಿದರು.

ಡಬ್ಬಿಯ ತಳದಲ್ಲಿ ಅದು ಬಿದ್ದ ಸಣ್ಣ ಸದ್ದು ನನಗೆ ಕೇಳಿತ್ತು. ಇವರ ಬೆನ್ನಿಗೆ ಎರಡು ತಟ್ಟಿದೆ.