ಬೊಮ್ಮಿಯ ಬುದ್ಧಿ

"ಹೊಸ ಪುಸ್ತಕದಲ್ಲಿ ಆ ಪಟ್ಟೀನೇ ಇಲ್ಲ ಸಾರ್," ಎಂದು ತೇಜಸ್ವಿನಿ ಮೊಬೈಲನ್ನು ದಾಳಗಳ ಪಕ್ಕ ಇಟ್ಟಳು. "ತೆಗೆದಾಕವ್ರೆ."

ನಾಗಭೂಷಣ್ ಅದರತ್ತ ಕಣ್ಣು ಕೂಡ ಹಾಯಿಸಲಿಲ್ಲ. ಅವನಿಗೇನು ಹೊಸ ಸುದ್ದಿಯಲ್ಲ ಅದು. ಆಟದ ಹೊಸ ಆವೃತ್ತಿ ಬರುತ್ತದೆಂದು ತಿಳಿದಾಗಿನಿಂದ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಅದರ ವಿರುದ್ಧ ಪುಟಗಟ್ಟಲೆ ಬರೆದಿದ್ದ. ಅರ್ಧ ಜನ ಹೊಗಳಿದ್ದರು, ಅರ್ಧ ಜನ ಉಗಿದಿದ್ದರು. ಆ ಜಗಳ ಮಧುಗಿರಿಯ ತನ್ನ ಜವಳಿ ಅಂಗಡಿಯ ಮಹಡಿ ಹತ್ತಿ ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

ಭಾನುವಾರ ಅಂಗಡಿಗೆ ರಜೆ. ಕೊರಟಗೆರೆಯ ಶಾಲೆಯಲ್ಲಿ ಪಾಠ ಹೇಳುವ ಲೋಹಿತಾ, ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸದಲ್ಲಿದ್ದ ಅನಿಲ್ ಕುಮಾರ್, ಶಿರಾದ ರಕ್ತಪರೀಕ್ಷೆ ಲ್ಯಾಬಿನ ತೇಜಸ್ವಿನಿ, ಮೂವರೂ ಬಸ್ಸು ಹಿಡಿದು ಬರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಪಾತ್ರ. ಕಥೆ ನಡೆಸುವವನು ನಾಗಭೂಷಣ್. ಕೋಟೆ, ಕಾಡು, ಕಳ್ಳರನ್ನೆಲ್ಲ ಅವನು ಮಾತಿನಲ್ಲೇ ಕಟ್ಟಿ ನಿಲ್ಲಿಸಿದರೆ, ಅವರು ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ಹಳೆಯ ನಿಯಮಪುಸ್ತಕದ ಆ ಪಟ್ಟಿಯ ಪ್ರಕಾರ ಪಾತ್ರ ಯಾವ ಕುಲದಲ್ಲಿ ಹುಟ್ಟಿತೋ ಅದರ ಮೇಲೆ ಬಲ, ಬುದ್ಧಿ ಎರಡೂ ಮೊದಲೇ ನಿಶ್ಚಯ. ತೇಜಸ್ವಿನಿಯ ಬೊಮ್ಮಿ ದೈತ್ಯಕುಲದವಳು. ಬಾಗಿಲು ಒಡೆಯಲು ಬೊಮ್ಮಿ, ಮೂಟೆ ಹೊರಲು ಬೊಮ್ಮಿ. ಅವಳ ಬುದ್ಧಿಯ ಅಂಕ ಮಾತ್ರ ಹತ್ತರ ಮೇಲೆ ಏರುವಂತಿರಲಿಲ್ಲ.

"ಬೊಮ್ಮಿ ವೈದ್ಯ ಕಲೀತಾಳೆ ಸಾರ್. ಹೊಸ ನಿಯಮದಲ್ಲಿ ಆಗುತ್ತೆ."

"ದೈತ್ಯರೆಲ್ಲ ವೈದ್ಯರಾದ್ರೆ ಆಟದಲ್ಲಿ ಏನಮ್ಮ ಉಳೀತು?"

"ಪೋನಿಂಡಿ ಸಾರ್, ಹೋಗ್ಲಿ ಬಿಡಿ, ಕಲೀಲಿ," ಎಂದ ಅನಿಲ್. "ಪ್ರತಿ ಸಲ ಏಟು ತಿನ್ನೋನು ನಾನು. ಔಷಧಿ ಹಾಕೋರೊಬ್ರು ಸಿಕ್ಕಂಗಾಯ್ತು."

"ಆಟ ಅಂದ್ಮೇಲೆ ಒಂದು ಕಟ್ಟುಪಾಡು ಬೇಕು ಅನಿಲ್. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?"

ಹಾಗೆಂದು ನಾಗಭೂಷಣ್ ನಕ್ಕ. ನಕ್ಕವನು ಅವನೊಬ್ಬನೇ. ಲೋಹಿತಾ ಕಿಟಕಿಯಾಚೆಯ ಬೆಟ್ಟದ ಕಡೆ ಮುಖ ತಿರುಗಿಸಿದಳು. ತೇಜಸ್ವಿನಿ ಮೊಬೈಲು ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಸರಿ ಸಾರ್. ಬಾಗಿಲು ಒಡೀಬೇಕಿತ್ತಲ್ವಾ? ಒಡೀತೀನಿ."

ಆ ಮಧ್ಯಾಹ್ನವೆಲ್ಲ ಅವನು ಹೇಳಿದ್ದನ್ನಷ್ಟೇ ಅವಳು ಮಾಡಿದಳು.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರ ಅನಿಲ್‌ಗೂ ಡ್ಯೂಟಿ. ನಾಗಭೂಷಣ್ ಲೋಹಿತಾಗೆ ಫೋನು ಹಚ್ಚಿದ.

"ತೇಜಸ್ವಿನಿ ಶಿರಾ ಪಕ್ಕದ ತಾವರೆಕೆರೇಲಿ ಅವರ ಮನೇಲೇ ಆಡಿಸ್ತಿದಾಳೆ," ಎಂದಳು ಲೋಹಿತಾ. "ಹೊಸ ಪುಸ್ತಕ. ನಾನೂ ಹೋಗ್ತೀನಿ."

"ಒಂದು ಪಟ್ಟಿಗೋಸ್ಕರ ಇಷ್ಟಾ?"

"ಪಟ್ಟಿಗಲ್ಲ. ಅವತ್ತು ನೀವಂದಿದ್ದಕ್ಕೆ."

"ಅದು ಗಾದೆ ಕಣ್ರೀ!"

"ನಿಮಗೆ ಗಾದೆ. ಅವಳು ಹುಟ್ಟಿದಾಗಿಂದ ಕೇಳ್ಕೊಂಡು ಬಂದಿರೋ ಮಾತು," ಎಂದು ಅವಳು ಫೋನಿಟ್ಟಳು.

ಅಲ್ಲಿಂದಾಚೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಳೆದ ಬಟ್ಟೆಯನ್ನೇ ಮತ್ತೆ ಅಳೆದ. ಗಿರಾಕಿ ಕೇಳಿದ್ದು ಒಂದು, ಕತ್ತರಿಸಿದ್ದು ಇನ್ನೊಂದು. ಆನ್‌ಲೈನ್ ಗುಂಪಿನಲ್ಲಿ ತನ್ನ ಪರ ವಾದ ಬರೆಯಲು ಹೊರಟ. ಆದರೆ ಅಂದು ಏನಾಯಿತೆಂದು ಬರೆಯಬೇಕಾದಲ್ಲಿಗೆ ಬಂದಾಗ ಬೆರಳು ನಿಂತಿತು. ಮೂರು ವರ್ಷ ಒಂದೇ ಮೇಜಿಗೆ ಕೂತವಳು ತೇಜಸ್ವಿನಿ. ತಾನು ಹಾಗೆಂದಾಗ ಅವಳ ಮುಖ ಹೇಗಿತ್ತೆಂದು ನೆನೆಯಲು ನೋಡಿದ. ನೆನಪಾಗಲಿಲ್ಲ. ಅವನು ನೋಡಿರಲೇ ಇಲ್ಲ.

ಆ ಭಾನುವಾರ ಬೈಕು ತೆಗೆದ. ಶಿರಾ ರಸ್ತೆಯಲ್ಲಿ ಅರ್ಧ ದಾರಿ ಹೋಗಿ ಹಿಂದಕ್ಕೆ ತಿರುಗಿಸಿದ. ಸ್ವಲ್ಪ ದೂರ ಬಂದು, ಥೂ ಎಂದುಕೊಂಡು ಮತ್ತೆ ತಿರುಗಿಸಿದ.

ತಾವರೆಕೆರೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಗು ಬೀದಿಗೇ ಕೇಳುತ್ತಿತ್ತು. ಅಂಗಳದ ತುಂಬ ಕಡಲೆಕಾಯಿ ಒಣಹಾಕಿದ್ದರು. ಜಗಲಿಯ ಚಾಪೆಯ ಮೇಲೆ ಮೂವರೂ ಕೂತಿದ್ದರು. ಪಕ್ಕದಲ್ಲಿ ಕಾಯಿ ಸುಲಿಯುತ್ತಿದ್ದ ತೇಜಸ್ವಿನಿಯ ಅಜ್ಜಿ ಮುನಿಯಮ್ಮ ಅನಿಲ್‌ನನ್ನು ಹುರಿದುಂಬಿಸುತ್ತಿದ್ದಳು: "ಆ ಕಳ್ ನನ್ಮಗನ್ನ ಬುಡಬ್ಯಾಡ ಕಣ್ಲಾ! ಅಟ್ಟುಸ್ಕಂಡೋಗು!"

ಅವನನ್ನು ಕಂಡು ನಗು ನಿಂತಿತು.

ತಪ್ಪಾಯ್ತು ಎನ್ನಬೇಕೆಂದು ದಾರಿಯುದ್ದಕ್ಕೂ ಉರುಹೊಡೆದಿದ್ದ. ಬಾಯಿಂದ ಬಂದದ್ದು, "ನಂಗೂ ಜಾಗ ಇದೆಯಾ?"

ತೇಜಸ್ವಿನಿ ಕೈಯಲ್ಲಿದ್ದ ದಾಳವನ್ನು ಚಾಪೆಯ ಮೇಲಿಟ್ಟಳು. ಮುನಿಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರಪ್ಪ ನೀನು? ಯಾರ ಪೈಕಿ?"

ಹುಟ್ಟಿದಾಗಿನಿಂದ ಅವನು ಯೋಚಿಸದೆ ಉತ್ತರ ಕೊಟ್ಟ ಪ್ರಶ್ನೆ ಅದು. ತಾತನ ಹೆಸರು, ಅಂಗಡಿಯ ಹೆಸರು ಹೇಳಿದರೆ ಎಲ್ಲಿ ಹೋದರೂ ಕುರ್ಚಿ ಬರುತ್ತಿತ್ತು. ಈಗಲೂ ತಾತನ ಹೆಸರು ನಾಲಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು.

"ಆಟ ಆಡಕ್ಕೆ ಬಂದೆ ಕಣಮ್ಮ," ಎಂದ. ಆಮೇಲೆ, ತೇಜಸ್ವಿನಿಯ ಮುಖ ನೋಡಿ, "ಅವತ್ತು ನಾನು ಅಂಗೆ ಅನ್ನಬಾರದಿತ್ತು."

"ಹೂಂ," ಎಂದಳು ತೇಜಸ್ವಿನಿ. ಅದು ಒಪ್ಪಿದ ಹೂಂ ಎಂದು ಹೇಳುವಂತಿರಲಿಲ್ಲ. "ಆಡ್ತೀರಾದ್ರೆ ಹೊಸ ಪುಸ್ತಕ ಸಾರ್. ಕಥೆ ನಾನೇ ನಡಸ್ತೀನಿ."

"ಆಗ್ಲಿ."

"ನಿಂತ್ಯಾಕೆ, ಇಂಗ್ ಕೂತ್ಕ," ಎಂದು ಮುನಿಯಮ್ಮ ಕಾಯಿಯ ರಾಶಿಯನ್ನು ಸರಿಸಿದಳು.

ಅವನ ಪಾತ್ರ ಬರೆದುಕೊಳ್ಳಲು ಲೋಹಿತಾ ಒಂದು ಖಾಲಿ ಹಾಳೆ ಕೊಟ್ಟಳು. ಎಷ್ಟೋ ರಾಜರಿಗೆ, ಕಳ್ಳರಿಗೆ ಹೆಸರಿಟ್ಟವನು, ತನಗೊಂದು ಹೆಸರು ಹೊಳೆಯದೆ ಪೆನ್ನು ಹಿಡಿದು ಕೂತ. ಯಾರೂ ಅವಸರ ಮಾಡಲಿಲ್ಲ. ಅಂಗಳದಲ್ಲಿ ಕೋಳಿಯೊಂದು ಹರಡಿದ ಕಾಯಿಯ ಅಂಚಿಗೆ ಬಂದು, ಒಂದು ಕಾಲೆತ್ತಿ, ಕತ್ತು ಓರೆ ಮಾಡಿ ಜಗಲಿಯ ಕಡೆ ನೋಡುತ್ತ ನಿಂತಿತ್ತು.