ಹನ್ನೊಂದಕ್ಕೆ ಏಳುವ ಕಮರಿ

ನಮ್ಮೂರ ಕಮರಿಯಲ್ಲಿ ಹೂವೇ ಇಲ್ಲ ಎಂದು ಗಂಡಸರು ಹೇಳುತ್ತ ಬಂದಿದ್ದಾರೆ. ಅವರ ತಪ್ಪಲ್ಲ ಬಿಡಿ. ಸೂರ್ಯ ಕಣ್ಣುಜ್ಜುವ ಮುಂಚೆ ಆಡು ಹೊಡೆದುಕೊಂಡು ಹತ್ತುತ್ತಾರೆ, ಸಂಜೆ ಇಳಿಯುತ್ತಾರೆ. ಆಫ್ರಿಕಾದ ದಕ್ಷಿಣ ತುದಿಯ ನಮ್ಮ ನಾಮಕ್ವಾಲ್ಯಾಂಡಿನ ಹೂವೋ, ನನ್ನ ಮೂವರು ಸೊಸೆಯರನ್ನು ಸೇರಿಸಿದರೂ ಅದರಷ್ಟು ಸೋಮಾರಿತನ ಆಗದು. ಬಿಸಿಲು ಚುರುಗುಟ್ಟುವ ತನಕ ಕಣ್ಣು ಬಿಡದು, ನಾಲ್ಕಾಯಿತೋ ಮುಸುಕೆಳೆಯಿತು. ನಡುಹಗಲಲ್ಲಿ ಅಲ್ಲಿ ತಿರುಗುತ್ತಿದ್ದವರು ಸೌದೆ ತರುವ ಹೆಂಗಸರು. ಅವರಲ್ಲಿ ಇನ್ನೂ ಕಾಲು ನೆಟ್ಟಗಿರುವವಳು ನಾನೊಬ್ಬಳೇ, ಯೋನಾಸನ ವಿಧವೆ ದ್ರೀನಾ.

ಈ ಆಗಸ್ಟಿನಲ್ಲಿ, ಅಂದರೆ ನಮ್ಮಲ್ಲಿ ವಸಂತ ಕಾಲಿಡುವ ತಿಂಗಳಲ್ಲಿ, ಪಟ್ಟಣದ ಹೂವಿನ ಕಚೇರಿಯಿಂದ ಮರಿಸ್ಕಾ ಎಂಬ ಹುಡುಗಿ ಬರುತ್ತಾಳೆಂದು ಸುದ್ದಿ ಬಂತು. ವಸಂತದಲ್ಲಿ ಪರವೂರಿನವರನ್ನು ಕರೆದೊಯ್ದು ಹೂವು ತೋರಿಸುವ ಕಮರಿಗಳ ಪಟ್ಟಿ ಅವಳ ಕೈಯಲ್ಲಿತ್ತು. ಪಟ್ಟಿಗೆ ಸೇರಿದ ಕಮರಿಗೆ ಆ ಊರಿನವರೇ ಒಬ್ಬರು ದಾರಿ ತೋರಿಸಬೇಕು. ಆ ಕೆಲಸ ನನಗೆ ಬೇಕಿತ್ತು. ಮದುವೆಗಂಡಿನ ಮೇಲೂ ನಾನು ಅಷ್ಟು ಆಸೆ ಇಟ್ಟಿರಲಿಲ್ಲ.

ಊರ ಸಮಿತಿಯ ಹಿರಿಯ ನನ್ನ ಮೈದುನ ಅಪೋಲ್ಸ್. ಅವನು ಅವಳನ್ನು ಬೆಳಿಗ್ಗೆ ಏಳಕ್ಕೇ ಕಮರಿಯ ಬಾಯಿಗೆ ಕರೆತಂದ. ಏಳು ಅಂದರೆ ಆಡು ಹೊರಡುವ ಹೊತ್ತು. ಅವನಿಗೆ ಬೇರೆ ಹೊತ್ತೇ ಗೊತ್ತಿಲ್ಲ. ಎಲ್ಲ ಕಡೆ ಹಸಿರು, ಮುಚ್ಚಿದ ಮೊಗ್ಗು, ಆಡಿನ ಹಿಕ್ಕೆ. ಮರಿಸ್ಕಾ ಪೆನ್ನು ತೆಗೆದಳು.

"ನಾನು ಮೊದಲೇ ಹೇಳ್ಲಿಲ್ವಾ," ಎಂದ ಅಪೋಲ್ಸ್. "ಇದು ಆಡಿನ ಕಮರಿ. ಪಟ್ಟಿಯಿಂದ ಹೊಡೆದು ಹಾಕ್ಬಿಡಿ."

ನಾನು ಅಡ್ಡ ನಿಂತೆ. "ಪೆನ್ನು ಒಳಗಿಡು ಮಗಳೇ. ಮೊದ್ಲು ಚಹಾ ಕುಡಿ."

"ಇನ್ನೂ ಎರಡು ಊರು ಇದೆ ಓಮಾ, ಹೊತ್ತಾಗತ್ತೆ," ಎಂದಳು. ಓಮಾ ಅಂದರೆ ನಮ್ಮ ಕಡೆ ಅಜ್ಜಿ.

"ನಮ್ಮೂರಲ್ಲಿ ಚಹಾ ಕುಡಿಯದೆ ಹೋದೋರ ಗಾಡಿ ಮೂರು ಸಲ ಕೆಟ್ಟಿದೆ. ನಾಲ್ಕನೇದು ನಿಂದಾಗೋದು ಬೇಡ."

ಅವಳು ನಕ್ಕಳು, ನಕ್ಕವಳು ಕೂತಳು. ಹಸಿ ಸೌದೆಯಲ್ಲಿ ನಿಧಾನಕ್ಕೆ ಕೆಂಡ ಮಾಡಿ, ಹಿಟ್ಟು ಉಬ್ಬುವ ತನಕ ಕಾದು, ತಟ್ಟಿ ರೊಟ್ಟಿ ಸುಟ್ಟೆ. ಮೊದಲ ರೊಟ್ಟಿಗೆ ನನ್ನ ಮದುವೆಯ ಕತೆ, ಎರಡನೆಯದಕ್ಕೆ ಯೋನಾಸನ ಟೋಪಿ ತಿಂದ ಚಿರತೆಯ ಕತೆ.

"ಅತ್ತಿಗೆ, ಹೋದ ವರ್ಷ ಅದು ಬೆಕ್ಕಾಗಿತ್ತು!"

"ಬೆಳೀತಪ್ಪಾ. ನಿನ್ನ ಹೊಟ್ಟೆ ಬೆಳೀಲಿಲ್ವಾ?"

ಮೂರನೆಯ ರೊಟ್ಟಿಯ ಹೊತ್ತಿಗೆ ಬಂಡೆಯ ಮೇಲೆ ಬಿಸಿಲು ಬಿತ್ತು. ಮರಿಸ್ಕಾ ಕೈಗಡಿಯಾರ ನೋಡಿಕೊಂಡು ಎದ್ದೇಬಿಟ್ಟಳು. ಹತ್ತೂವರೆ. ಇನ್ನು ಸುಳ್ಳು ಸಾಲದು.

"ಕಮರಿಯ ತಲೆ ತನಕ ಒಂದ್ಸಲ ಹತ್ತು," ಎಂದೆ. "ಅಲ್ಲೂ ಏನೂ ಕಾಣ್ಲಿಲ್ಲ ಅಂದ್ರೆ ನೀನೇ ಹೊಡೆದು ಹಾಕು. ನಾನು ಬಾಯಿ ಬಿಡಲ್ಲ."

"ಅತ್ತಿಗೆ ಬಾಯಿ ಬಿಡಲ್ವಂತೆ! ಅದನ್ನ ನೋಡೋಕಾದ್ರೂ ಬರ್ತೀನಿ," ಎಂದ ಅಪೋಲ್ಸ್.

ನಮ್ಮ ಕಮರಿ ಉತ್ತರಕ್ಕೆ ಏರುತ್ತದೆ. ನಮ್ಮ ಸೀಮೆಯಲ್ಲಿ ನಡುಹಗಲ ಸೂರ್ಯನೂ ಉತ್ತರಕ್ಕೇ ಇರುತ್ತಾನೆ, ಹತ್ತುವಾಗ ಎದುರಿಗೇ. ಹೂವೆಲ್ಲ ಅವನ ಕಡೆ ಮುಖ ಮಾಡಿರುವುದರಿಂದ ಹತ್ತುವವರಿಗೆ ಕಾಣುವುದು ಬರೀ ಬೆನ್ನು. ಮರಿಸ್ಕಾ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆದಳು, ಏದುಸಿರು ಬಿಟ್ಟಳು. ನಾನು ಮೇಲೆ ನೋಡುತ್ತ, ಗೊಣಗುತ್ತ ಹತ್ತಿದೆ. ಮೋಡ ಒಂದು ತುಂಡು ಅಡ್ಡ ಬಂದರೂ ಸಾಕು, ನನ್ನ ಕತೆ ಮುಗಿಯಿತು. ಆಕಾಶವನ್ನು ಹಾಗೆ ಗದರಿಸಿದ್ದು ನನ್ನ ಹೆರಿಗೆಯ ದಿನ ಬಿಟ್ಟರೆ ಅಂದೇ.

ತಲೆ ಮುಟ್ಟಿದೆವು. ಅವಳು ಮತ್ತೆ ಪೆನ್ನಿಗೆ ಕೈ ಹಾಕಿದಳು.

"ಈಗ ತಿರುಗು," ಎಂದೆ.

ತಿರುಗಿದಳು. ನಾವು ಹತ್ತಿ ಬಂದ ಅದೇ ಕಮರಿ ಕಿತ್ತಳೆಯಾಗಿ ಹೊತ್ತಿಕೊಂಡಿತ್ತು. ಸಾವಿರ ಸಾವಿರ ಮುಖ, ಒಂದೊಂದೂ ನಮ್ಮನ್ನೇ ನೋಡುತ್ತಿತ್ತು. ಬಂಡೆಯ ಸಂದಿಯಲ್ಲಿ ಹಳದಿ, ಒರತೆಯ ಅಂಚಿನಲ್ಲಿ ನೀಲಿ. ಹೊಳಪಿಗೆ ಹದ್ದು ಕುರುಡಾಗಿ ಬಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ತೂರಾಡಿತು.

ಮರಿಸ್ಕಾ ನೆಲಕ್ಕೆ ಕುಸಿದು ಕೂತು ಅತ್ತೇಬಿಟ್ಟಳು. ಅಪೋಲ್ಸ್ ಟೋಪಿ ತೆಗೆದ. ಅರವತ್ತೆಂಟು ವರ್ಷ ಅದೇ ದಾರಿಯಲ್ಲಿ ನಡೆದವನು.

"ಇದು ದಿನಾ ಹೀಗೇ ಇರತ್ತಾ ಅತ್ತಿಗೆ?"

"ಬಿಸಿಲಿದ್ದ ದಿನ."

"ಮತ್ತೆ ಹೇಳ್ಲೇ ಇಲ್ಲ?"

"ಹೇಳಿದ್ದೆ ಕಣೋ. ಮುದುಕಿ ಉಬ್ಬಿಸ್ತಾಳೆ ಅಂತ ನಗ್ತಿದ್ರಿ."

ಮರಿಸ್ಕಾ ಕಣ್ಣೊರೆಸಿಕೊಂಡಳು. "ಇಲ್ಲಿ ದಾರಿ ತೋರಿಸೋದು ಯಾರು?"

ಅಪೋಲ್ಸ್ ಗಂಟಲು ಸರಿಮಾಡಿಕೊಂಡ. "ಸಮಿತಿ ಹಿರಿಯ ಅಂತ ನಾನೇ..."

"ನಿಮ್ಮನ್ನಲ್ಲ ಊಮ್, ಓಮಾನ ಕೇಳಿದ್ದು," ಎಂದಳು. ಊಮ್ ಅಂದರೆ ಚಿಕ್ಕಪ್ಪ, ಗೌರವಕ್ಕೇನೂ ಕೊರತೆಯಿಲ್ಲ.

ನನಗೆ ಓದು ಬರಹ ಬರುವುದಿಲ್ಲ ಎಂದೆ. ಹೂವಿಗೂ ಬರಲ್ವಲ್ಲ ಎಂದಳು ಆ ಹುಡುಗಿ. ಬಂಡೆಯ ಮೇಲೆ ಕಾಗದ ಹರವಿಕೊಟ್ಟಳು, ನಾನು ಹೆಬ್ಬೆಟ್ಟು ಒತ್ತಿದೆ.

ಮುಂದಿನ ಶನಿವಾರ ಹದಿನಾಲ್ಕು ಜನ ಬಂದರು. ಎಲ್ಲರನ್ನೂ ನೆಲ ನೋಡುತ್ತಲೇ ಹತ್ತಿಸಿದೆ. ನಡುವೆ ಹಿಂದೆ ತಿರುಗಿದವರಿಗೆ ರೊಟ್ಟಿ ಇಲ್ಲ ಎಂದೆ. ಕೆಟಲು, ಹಿಟ್ಟು, ಮೂರು ಸ್ಟೂಲು ಹೊತ್ತುಕೊಂಡು ಕೊನೆಯಲ್ಲಿ ಏದುತ್ತ ಬಂದವನು ನನ್ನ ಮೈದುನ. ತಲೆಯಲ್ಲಿ ನಿಂತು ನಾನು "ತಿರುಗಿ" ಎಂದು ಕೂಗಿದಾಗ ಎಲ್ಲರಿಗಿಂತ ಮೊದಲು ತಿರುಗಿದವನೂ ಅವನೇ.