ಅರ್ಧ ಹೆಸರು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ವೀಸಾ ಮಾಡಿಸಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೊಂದು ಮಾರು ಉದ್ದವಾಗುತ್ತಿತ್ತು. ಅಸೂಟಿಯ ಅಮರೇಶ ಎರಡು ಸಲ ಮದುವೆಯಾಗಿದ್ದ, ಒಬ್ಬಳನ್ನೇ. ಮೊದಲು ಥಾಯ್ಲೆಂಡಿನ ಖೋನ್ ಕೆನ್ ಎಂಬ ಊರಿನ ಸರಕಾರಿ ಕಚೇರಿಯಲ್ಲಿ ಸಹಿ ಹಾಕಿ, ಆಮೇಲೆ ಅಸೂಟಿಯಲ್ಲಿ ಅಕ್ಕಿಕಾಳು ಹಾಕಿಸಿಕೊಂಡು. ಇಷ್ಟಾದರೂ ಅವನು ಆ ಹುಡುಗಿಯ ಗಂಡ ಹೌದೋ ಅಲ್ಲವೋ ಎಂಬುದು ವೀಸಾ ಕಚೇರಿಯವರಿಗೆ ಇನ್ನೂ ಖಾತ್ರಿಯಾಗಿರಲಿಲ್ಲ.

ಹುಡುಗಿಯ ಹೆಸರು ಪಿಮ್. ಊರವರ ಬಾಯಲ್ಲಿ ಪಿಮ್ಮವ್ವ. ಅಮರೇಶ ಗೋವಾದ ಹೋಟೆಲುಗಳಲ್ಲಿ ತಂದೂರಿ ಒಲೆಯ ಮುಂದೆ ಬೆಂದು, ಅದೇ ಕೈಗುಣದ ಮೇಲೆ ಖೋನ್ ಕೆನ್‌ನ ಒಂದು ಹೋಟೆಲು ಸೇರಿದ್ದ. ಎದುರಿನ ಸಂತೆಯಲ್ಲಿ ಅವಳು ತರಕಾರಿ ಮಾರುತ್ತಿದ್ದಳು. ಕೊತ್ತಂಬರಿ ಕೊಳ್ಳುವ ನೆಪ ಎಷ್ಟು ದಿನ ನಡೆದೀತು? ಮದುವೆಯಾಯಿತು. ಅಸೂಟಿಗೂ ಬಂದು, ಒಂದು ಬೇಸಗೆ ಇದ್ದು, ರೊಟ್ಟಿ ಬಡಿಯುವುದನ್ನು ಕಲಿತು ಹೋದಳು. ಈ ವರ್ಷ ಹೋಟೆಲು ಮುಚ್ಚಿತು. ಕೆಲಸ ಹೋದದ್ದರ ಹಿಂದೆಯೇ ಕೆಲಸದ ವೀಸಾ ಹೋಯಿತು. ಹೆಂಡತಿಯ ಹೆಸರಿನ ಮೇಲೆ ಹೊಸ ವೀಸಾ ತೆಗೆದುಕೊಂಡು ಬರುತ್ತೇನೆಂದು ಅಮರೇಶ ಊರಿಗೆ ಬಂದ. ಬಂದವನು ಬಂದಲ್ಲೇ ಉಳಿದ. ಅಲ್ಲಿ ಪಿಮ್‌ಗೆ ಎಂಟು ತಿಂಗಳು ತುಂಬಿತ್ತು. ವಿಮಾನ ಹತ್ತುವ ಸ್ಥಿತಿ ಅವಳದಲ್ಲ, ವೀಸಾ ಇಲ್ಲದೆ ಹತ್ತುವಂತಿಲ್ಲ ಇವನು. ಮಗು ಹುಟ್ಟುವಾಗ ತಾನು ಪಕ್ಕದಲ್ಲಿರಬೇಕು ಎನ್ನುವುದೊಂದೇ ಅವನ ತಲೆಯಲ್ಲಿತ್ತು.

ತಂದೂರಿಯ ಕಾವಿನಲ್ಲಿ ನಿಂತು ರೂಢಿಯಾದ ಮೈ, ಕೂತಲ್ಲಿ ಕೂರಲಾರದು. ಒಳಗೆ ಬಂದರೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಹೊರಗೆ ಹೋಗುವನು, ಹೊರಗೆ ಹೋದರೆ ಚಾರ್ಜ್ ಕಡಿಮೆಯಾಯಿತೆಂದು ಒಳಗೆ ಬರುವನು. ಒಂದು ದಿನ ತಾಯಿ ಗಾಳೆವ್ವ ಬಡಿಸಿದ ಅನ್ನದ ಮುಂದೆಯೇ ಮೇಲ್ ಬಂತು. ಅವನು ಕೈ ತೊಳೆಯದೆ ನರಗುಂದದ ಬಸ್ಸು ಹತ್ತಿದ.

ನರಗುಂದದಲ್ಲಿ, ಗುಡ್ಡದ ಕೆಳಗೆ, ಬಸವಪ್ರಸಾದನ ಅಂಗಡಿ. ಎಡಕ್ಕೆ ಫೋಟೋ ಸ್ಟುಡಿಯೋ, ಬಲಕ್ಕೆ ಆನ್‌ಲೈನ್ ಅರ್ಜಿ. ಅಸೂಟಿಯ ಮದುವೆಯ ಫೋಟೋ ತೆಗೆದವನೂ ಅವನೇ, ವೀಸಾದ ಅರ್ಜಿ ತುಂಬಿದವನೂ ಅವನೇ. ಮೇಲ್ ಓದಿ ಬಸವಪ್ರಸಾದ ಮುಖ ಸಪ್ಪಗೆ ಮಾಡಿದ.

"ಫೋಟೋ ಖರೇ ಅಲ್ಲ ಅಂತಾರ. ತಿದ್ದಿದಂಗ ಕಾಣಸ್ತಾವಂತ."

"ಯಾವ ಫೋಟೋ ಕಳಿಸಿದ್ದೀ?"

"ಚಲೋ ಇದ್ದೂವನ್ನ ಕಳಿಸೇನಿ. ಆಲ್ಬಮ್ಮಿನ್ಯಾವು."

ಅಮರೇಶ ಅಂಗಡಿಯಲ್ಲಿದ್ದ ಆಲ್ಬಮ್ಮಿನ ಪ್ರತಿ ತೆರೆದು ನೋಡಿದ. ಮದುವೆ ನಡೆದದ್ದು ಅಸೂಟಿಯ ಮನೆಯ ಮುಂದಿನ ಚಪ್ಪರದಲ್ಲಿ. ಆಲ್ಬಮ್ಮಿನಲ್ಲಿ ಮಾತ್ರ ಗಂಡಹೆಂಡಿರು ತಾಜಮಹಲಿನ ಮುಂದೆ ನಿಂತಿದ್ದರು. ಮುಂದಿನ ಹಾಳೆಯಲ್ಲಿ ಹಿಮದ ಗುಡ್ಡ, ಅದರ ಮುಂದಿನದರಲ್ಲಿ ದೊಡ್ಡದೊಂದು ಕಮಲ, ಕಮಲದ ಮೇಲೆ ಇಬ್ಬರೂ. ಬಸವಪ್ರಸಾದ ಅಮರೇಶನಿಗೆ ಸುಣ್ಣ ಬಳಿದಂತೆ ಬಣ್ಣ ತಂದುಕೊಟ್ಟಿದ್ದ. ಒಂದರಲ್ಲಿ ಮದುಮಗ ಕಣ್ಣು ಮುಚ್ಚಿದ್ದನೆಂದು ಬೇರೆ ಫೋಟೋದ ತಲೆ ತಂದು ಕೂರಿಸಿದ್ದ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡುವ ಕೈ ಅದು. ಆಗ ಊರೆಲ್ಲ ಈ ಆಲ್ಬಮ್ಮನ್ನು ಕೈಯಿಂದ ಕೈಗೆ ದಾಟಿಸಿ ಹೊಗಳಿತ್ತು, ಅಮರೇಶನೂ ಹೊಗಳಿದ್ದ.

"ತಿದ್ದಲಾರದ್ದು ಇರಬೇಕಲ್ಲೋ? ಮೊದಲಿನೂ?"

"ಕಾರ್ಡ್ ಖಾಲಿ ಮಾಡೇನಿ. ಆಮ್ಯಾಗ ಎಷ್ಟ್ ಲಗ್ನಾ ಆದೂವು. ಎಲ್ಲಾನೂ ಹೆಂಗ ಇಟ್ಕೊಂಡ ಕುಂದರ್ಲಿ?"

ಅವನಿಗೆ ಎರಡು ಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂತು ಅಮರೇಶನಿಗೆ. ಆದರೆ ಮುಂದಿನ ಅರ್ಜಿಗೂ ಅವನೇ ಗತಿ. ಸಿಟ್ಟು ನುಂಗಿ ಬಸ್ಸು ಹತ್ತಿದ.

ಮನೆಯಲ್ಲಿ ತಂಗಿ ಭಾರತಿ ತನ್ನ ಫೋನು ತೆರೆದಳು. ಮನೆಯ ಫೋಟೋಗಳಿಗೇನು ಬರ? ಪಿಮ್ ರೊಟ್ಟಿ ಬಡಿಯುವುದು, ಪಿಮ್ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು ನಗುವುದು, ಪಿಮ್ ಓಣಿಯ ಹೆಂಗಸರ ನಡುವೆ ಕೂತು ಶೇಂಗಾ ಸುಲಿಯುವುದು. ಭಾರತಿ ಬೆರಳು ಆಡಿಸುತ್ತ ಹೋದಳು, ಹೋದಳು, ಆಮೇಲೆ ನಿಲ್ಲಿಸಿದಳು.

"ಅಣ್ಣಾ, ಇದರಾಗ ನೀ ಎಲ್ಲದಿ?"

ಅವನು ಎಲ್ಲಿಯೂ ಇರಲಿಲ್ಲ. ಹಿರಿಯರ ಮುಂದೆ ಗಂಡಹೆಂಡಿರು ಜೋಡಿಯಾಗಿ ನಿಲ್ಲುವುದು ಆ ಮನೆಯಲ್ಲಿ ನಡೆದುಬಂದದ್ದಲ್ಲ. ಕ್ಯಾಮೆರಾ ಎತ್ತಿದಾಗಲೆಲ್ಲ ಪಿಮ್ ಅವನ ತೋಳು ಹಿಡಿಯಲು ಬಂದಿದ್ದಳು, ಅವನೇ ಜಾರಿಕೊಂಡು "ನಾ ತಗೀತೀನಿ" ಎಂದು ಫೋನು ಇಸಿದುಕೊಂಡಿದ್ದ. ಅವನ ಫೋನಿನಲ್ಲೂ ಅದೇ ಕತೆ. ಇಬ್ಬರೂ ಕೂಡಿ ಇದ್ದದ್ದು ಒಂದೇ ಒಂದು. ಖೋನ್ ಕೆನ್ ಕಚೇರಿಯ ಮುಂದೆ ಅವಳ ತಾಯಿ ತೆಗೆದದ್ದು, ಮುದುಕಿಯ ಹೆಬ್ಬೆರಳು ಅರ್ಧ ಚಿತ್ರ ತಿಂದಿತ್ತು. ಅಮರೇಶನಿಗೆ ನಾಚಿಕೆಯಾಯಿತು. ಹೆಂಡತಿಯನ್ನು ಕದ್ದು ತಂದವನ ಹಾಗೆ ನಡೆದುಕೊಂಡೆನಲ್ಲ ಎಂದು ಸಂಕಟವೂ ಆಯಿತು.

ಇನ್ನೊಂದು ಫೋಟೋ ನೋಡಿ ಗಾಳೆವ್ವ ಭಾರತಿಯ ಕೈ ಹಿಡಿದು ನಿಲ್ಲಿಸಿದಳು. ಇಟಗಿಯ ಭೀಮವ್ವನ ಗುಡಿ. ಅತ್ತೆ ಸೊಸೆ ಇಬ್ಬರೇ, ಸೊಸೆಯ ತಲೆಯ ಮೇಲೆ ಅತ್ತೆಯ ಕೈ. ಆ ಕತೆ ಎಲ್ಲರಿಗೂ ಗೊತ್ತಿತ್ತು. ಪಿಮ್ ಬಂದ ಹೊಸತರಲ್ಲಿ ಓಣಿಯ ಈ ತುದಿಯಿಂದ "ಅಮರೇಶ" ಎಂದು ಗಂಡನನ್ನು ಕೂಗಿದ್ದಳು. ನೀರಿಗೆ ನಿಂತ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಅದೇ ವಾರ ಅಮರೇಶ ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಗಾಳೆವ್ವನ ಎದೆ ಒಡೆಯಿತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದಷ್ಟೂ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಜೀವ ಅದು. ಸೊಸೆಯನ್ನು ಇಟಗಿಗೆ ಕರೆದೊಯ್ದು, ಇನ್ನು ಗಂಡನ ಹೆಸರು ಹಿಡಿಯುವುದಿಲ್ಲವೆಂದು ಭೀಮವ್ವನ ಮುಂದೆ ಆಣೆ ಮಾಡಿಸಿದಳು. ಅಂದಿನಿಂದ ಪಿಮ್‌ಗೆ ಅವನು 'ಪೀ'. ಅವಳ ಭಾಷೆಯಲ್ಲಿ ತನಗಿಂತ ಹಿರಿಯರನ್ನು ಕರೆಯುವ ಮಾತು, ಹೆಂಡಂದಿರು ಗಂಡನನ್ನೂ ಹಾಗೇ ಕರೆಯುತ್ತಾರಂತೆ, ಕಷ್ಟವೇನೂ ಆಗಲಿಲ್ಲ.

ಹೆಬ್ಬೆರಳಿನ ಫೋಟೋ, ಮನೆಯ ಫೋಟೋ ಎಲ್ಲ ಕಳಿಸಿದ್ದಾಯಿತು. ಇಷ್ಟು ಸಾಲದು, ವಿಡಿಯೋದಲ್ಲಿ ಇಬ್ಬರನ್ನೂ ಮನೆಯವರನ್ನೂ ನೋಡಬೇಕು ಎಂದು ಉತ್ತರ ಬಂತು. ಅಮರೇಶ ಮತ್ತೆ ಒಳಗೆ ಹೊರಗೆ ಓಡಾಡತೊಡಗಿದ. ರಾತ್ರಿ ಅರೆನಿದ್ದೆಯಲ್ಲಿ ಅವಳ ಗೋಡೆಯ ಬಣ್ಣ, ಅವಳ ಅಕ್ಕನ ಮಕ್ಕಳ ಹೆಸರು, ಅವಳಿಗೆ ಸೇರದ ಕಾಯಿಪಲ್ಲೆ, ಎಲ್ಲವನ್ನೂ ಪರೀಕ್ಷೆಗೆ ಕೂರುವವನಂತೆ ಉರು ಹೊಡೆದ.

ಗೊತ್ತುಪಡಿಸಿದ ದಿನ ಫೋನನ್ನು ಅಕ್ಕಿಡಬ್ಬಿಗೆ ಆನಿಸಿ ನಿಲ್ಲಿಸಿದರು. ಅಮರೇಶ, ಪಕ್ಕದಲ್ಲಿ ಗಾಳೆವ್ವ, ಹಿಂದೆ ಭಾರತಿ. ಅಪ್ಪ ಹೇಮಪ್ಪ ಸೊಸೆ ಕಾಣುವ ಕಡೆ ಎದುರಿಗೆ ಕೂರುವುದು ಚೆಂದವಲ್ಲವೆಂದು ಹೊರಗಿನ ಕಟ್ಟೆಯ ಮೇಲೆ ಉಳಿದ. ತೆರೆಯ ಒಂದು ಮೂಲೆಯಲ್ಲಿ ಪಿಮ್ ಬಂದಳು. ಮುಖ ಊದಿಕೊಂಡಿತ್ತು. ಅತ್ತೆಯನ್ನು ಕಂಡದ್ದೇ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹೊದ್ದಳು. ಇನ್ನೊಂದು ಮೂಲೆಯಲ್ಲಿ ಕಚೇರಿಯ ಹೆಣ್ಣುಮಗಳು, ಕನ್ನಡಕದವಳು, ನಗು ಖರ್ಚು ಮಾಡದವಳು.

ಅಮರೇಶನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಅವನು ಉತ್ತರ ಕೊಟ್ಟ. ಗೋಡೆಯ ಬಣ್ಣವನ್ನು ಅವಳು ಕೇಳಲೇ ಇಲ್ಲ. "ಈಗ ನೀವು ಸುಮ್ಮನಿರಬೇಕು, ಯಾರೂ ಏಳಬಾರದು, ನಿಮ್ಮ ಹೆಂಡತಿ ಹೇಳಲಿ" ಎಂದು ಹೇಳಿ, ಪಿಮ್ ಕಡೆ ತಿರುಗಿ ಥಾಯ್ ಭಾಷೆಯಲ್ಲಿ ಕೇಳತೊಡಗಿದಳು. ಮೊದಲನೆಯ ಪ್ರಶ್ನೆ ಸುಲಭದ್ದು. ಗಂಡನ ಪೂರ್ತಿ ಹೆಸರೇನು?

ಪಿಮ್ ಬಾಯಿ ತೆರೆದಳು. ತೆರೆಯ ಮೇಲೆ ಗಾಳೆವ್ವನನ್ನು ನೋಡಿದಳು. ಬಾಯಿ ಮುಚ್ಚಿದಳು.

ಕನ್ನಡಕದವಳು ಪ್ರಶ್ನೆಯನ್ನು ಇನ್ನೊಮ್ಮೆ, ನಿಧಾನವಾಗಿ ಕೇಳಿದಳು. ಪಿಮ್ ತಲೆ ತಗ್ಗಿಸಿದಳು. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ! ಕನ್ನಡಕದವಳು ಏನನ್ನೋ ಬರೆದುಕೊಂಡಳು. ಆಸ್ಪತ್ರೆಯ ಮಂಚ, ಅವಳ ಪಕ್ಕದ ಖಾಲಿ ಕುರ್ಚಿ ಅಮರೇಶನ ಕಣ್ಣಿಗೆ ಕಟ್ಟಿದವು.

"ಏನ್ ಕೇಳಾಕತ್ತಾಳ ಆಕಿ?" ಗಾಳೆವ್ವ ಮಗನ ಕಿವಿಯಲ್ಲಿ ಕೇಳಿದಳು.

ಸುಮ್ಮನಿರಬೇಕೆಂದದ್ದನ್ನು ಮೀರಿ ಅವನು ಪಿಸುಗುಟ್ಟಿದ. "ನನ್ನ ಹೆಸರು ಯವ್ವಾ. ಪೂರ್ತಿ ಹೆಸರು."

ಗಾಳೆವ್ವ ಫೋನಿನ ಕಡೆ ಬಾಗಿದಳು. "ಹೇಳವಾ ಪಿಮ್ಮವ್ವ. ಭೀಮವ್ವಗ ನಾ ಹೇಳ್ಕೋತೀನಿ. ಹೇಳಿಬಿಡು."

ಪಿಮ್ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಒಂದು ಬೇಸಗೆಯಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಮಾಡಿ ಹೇಳಿದಳು. "ಬ್ಯಾಡ ಅತ್ತಿ. ನೀವೂ ಹೇಳಂಗಿಲ್ಲ. ನಾನೂ ಹೇಳಂಗಿಲ್ಲ."

ಅಮರೇಶ ತಾಯಿಯ ಮುಖ ನೋಡಿದ. ಅವಳು ಹೆದರಿದ್ದಳು. ಮದುವೆಯಾಗಿ ಮನೆ ತುಂಬಿದಂದಿನಿಂದ ಇಂದಿನವರೆಗೆ, ರೇಷನ್ ಅಂಗಡಿಯಲ್ಲೂ ದವಾಖಾನಿಯಲ್ಲೂ, ಗಂಡನ ಹೆಸರು ಕೇಳಿದಾಗ ಅವಳು ಪಕ್ಕದಲ್ಲಿದ್ದವರನ್ನು ಮುಂದೆ ತಳ್ಳಿ ಹೇಳಿಸಿದವಳು. ಈಗ ಯಾರನ್ನು ಮುಂದೆ ತಳ್ಳಿದರೂ ನಡೆಯುವಂತಿರಲಿಲ್ಲ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೇಮಪ್ಪ," ಅಂದಳು.

ದನಿ ಸಣ್ಣದಾಯಿತು ಅನ್ನಿಸಿತೋ ಏನೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಹೇಮಪ್ಪ. ಪಾಸ್‌ಪೋರ್ಟಿನ್ಯಾಗ ಮಗನ ಹೆಸರಿನ ಹಿಂದ ಅಪ್ಪನ ಹೆಸರೈತಿ. ನನ್ನ ಗಂಡನ ಹೆಸರು ನಾ ಹೇಳೀನಿ, ಅರ್ಧಾ ಆತು. ಉಳದ ಅರ್ಧಾ ನಿಂದು. ಹೇಳು ನನ್ನವ್ವಾ."

ಪಿಮ್ ಅಳತೊಡಗಿದಳು. ಅಳುತ್ತಲೇ ಕನ್ನಡಕದವಳ ಕಡೆ ತಿರುಗಿ ಹೇಳಿದಳು. "ಅಮರೇಶ. ಅಮರೇಶ ಹೇಮಪ್ಪ."

ಕನ್ನಡಕದವಳು ಪೆನ್ನು ಕೆಳಗಿಟ್ಟಳು. ಈ ಮುದುಕಿ ಏನು ಹೇಳಿದಳು, ನಿಮ್ಮ ಹೆಂಡತಿ ಯಾಕೆ ಅಳುತ್ತಾಳೆ ಎಂದು ಅಮರೇಶನನ್ನು ಕೇಳಿದಳು. ಅವನು ತನಗೆ ಬಂದ ಹರುಕು ಥಾಯ್‌ನಲ್ಲಿ ಎಲ್ಲವನ್ನೂ ಹೇಳಿದ. ಅವಳು ಹೆರಿಗೆ ಯಾವಾಗ ಎಂದು ವಿಚಾರಿಸಿ, ಅಷ್ಟರೊಳಗೆ ಹೋಗಿ ಮುಟ್ಟುತ್ತೀರಿ, ಟಿಕೆಟು ನೋಡಿಕೊಳ್ಳಿ ಅಂದಳು. ಬೇರೆ ಪ್ರಶ್ನೆ ಕೇಳಲಿಲ್ಲ.

ಬಾಗಿಲಲ್ಲಿ ಹೇಮಪ್ಪ ಬಂದು ನಿಂತಿದ್ದ. ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು.

"ನನ್ನ ಹೆಸರು ಹಿಡದು ಯಾರೋ ಕರದಂಗಾತು," ಅಂದ. "ಯಾರದು?"

ಗಾಳೆವ್ವ ಎದ್ದು ಗಂಡನ ಹತ್ತಿರ ಹೋದಳು. ಅವನಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವಳಂತೆ ಅವನ ತೋಳನ್ನು, ಎದೆಯನ್ನು ಎಲ್ಲರೆದುರಿಗೆ ಮುಟ್ಟಿ ನೋಡಿದಳು.

"ನಾನರೀ," ಅಂದಳು.